ಸೀಸೆಯ ಎಡಗಡೆಯ ಮುಖ

ಕುರ್ಲಾ, ಮುಂಬಯಿ
೯ ಜನವರಿ ೧೯೯೪, ಆದಿತ್ಯವಾರ
(ಅಫಜಲಪುರಕ್ಕೆ ಕಳಿಸಿದ ಕ್ಯಾಸೆಟ್ಟು)

...ಬಕೀಟು ಹೋತು, ಬಕೀಟಿನ್ಯಾಗಿನ ಸಾಬಾಣ ಹೋತು, ಅದನ್ನ ಹುಡುಕಾಕ ಹೋದಾಗ ಚಪ್ಪಲ್ ಹೋದ್ವು. ಇಷ್ಟಾದ ಮ್ಯಾಲ ಮುಕಾದಮ ಬಂದು, "ಸುಟ್ಟಿ ಗಿಟ್ಟಿ ಏನಿಲ್ಲ, ಬಣ್ಣಾ ಹಚ್ಚಾಕ ನಡೀ" ಅಂತಾನ. ಇದು ಬರೇ ಮಧ್ಯಾಹ್ನದ ತನಕದ್ದು, ಮಾವಾ. ಖಾನಾವಳಿ ಸುದ್ದಿ ಇನ್ನಾ ಹೇಳೇ ಇಲ್ಲ.

ತಡೀ, ಕೆಂಪು ಗುಂಡಿ ಒತ್ತೀನೋ ಇಲ್ಲೋ ನೋಡ್ತೇನಿ. ಹಾಂ, ತಿರಗಾಕತ್ತದ. ಖಾದರಸಾಬನ ಟೇಪು ಇದು. ನನ್ನ ಖೋಲಿಯಾಗ ಇರ್ತಾನಲ್ಲ, ಜೇವರ್ಗಿ ಕಡಿಯವ, ಅಂವ. ನನಗ ಬರಿಯೋದಂದ್ರ ಬೆರಳಿಗಿ ಜ್ವರಾ ಬರ್ತಾವ ಅಂತ ನಿನಗ ಗೊತ್ತೇ ಅದ. "ಬಾಯಿ ಅದ ಅಲ್ಲೋ, ಬಾಯಿಲೇ ಕಾಗದಾ ಬರಿ" ಅಂದ. ಇದರಾಗ ಮೊದಲ ಕವ್ವಾಲಿ ಇತ್ತು. ನಾ ಮುಗಿಸಿದ ಮ್ಯಾಲ ಯಾರರ ಚಪ್ಪಾಳಿ ಹೊಡದು ಹಾಡಿದ್ರ ಅದು ನಾ ಅಲ್ಲ.

ಈಗ ಕೇಳು. ಖಾನಾವಳಿಯಾಗ ರೊಟ್ಟಿ ಮುರಿಯಾಕತ್ತಿದ್ನಿ. ಎದುರಿಗಿ ಕುಂತಾಂವ ನನ್ನ ಮಾರಿ ನೋಡ್ತಾನ, ತನ್ನ ಚೀಲದಾಗ ನೋಡ್ತಾನ, ಮತ್ತ ನನ್ನ ಮಾರಿ ನೋಡ್ತಾನ. ಕಡಿಗಿ ಚೀಲದಾಗಿಂದ ಒಂದು ಸೀಸೆ ತಗದು ನನ್ನ ಗಲ್ಲಕ್ಕ ಹಚ್ಚಿ ಹಿಡದಾ. "ಏ ತಮ್ಮಾ, ಇಂವ ನೀನೇ ಅಲ್ಲೇನು?"

ಮಾವಾ, ಸೀಸೆ ಮ್ಯಾಲ ನಿನ್ನ ಹೆಸರು. 'ಚಂದಪ್ಪನ ಕೇಶಭಾಗ್ಯ ತೈಲ, ಅಫಜಲಪುರ.' ಕೆಳಗ ಎರಡು ಫೋಟೋ. ಎಡಗಡೆ ಬೋಳ್ಯಾ ಒಬ್ಬಾಂವ, ಅದಕ್ಕ 'ಮೊದಲು' ಅಂತ ಬರದೀದಿ. ಬಲಗಡೆ ತಲಿತುಂಬ ಕೂದಲದಾಂವ, ಅದಕ್ಕ 'ಆಮೇಲೆ'. ಆ ಬಲಗಡಿಯಾಂವ ನಾನು! ಆಳಂದ ಸ್ಟುಡಿಯೋದಾಗ ಕಿಸೇದಾಗ ಬಾಚಣಿಕಿ ಇಟ್ಟಕೊಂಡು ತಗಸಿದ್ನಲ್ಲ, ಅದೇ ಫೋಟೋ. ಎಡಗಡೆ ಯಾರು ಅಂತ ತಿಳೀಲಿಲ್ಲ, ಎಣ್ಣಿ ಹತ್ತಿ ಮಾರಿ ಮಬ್ಬಾಗಿತ್ತು. ಎಲ್ಲೋ ನೋಡಿದಂಗ ಅನಸ್ತು.

ಮಂದಿ ಕೂಡಿದ್ರು. "ಟೊಪಗಿ ತಗಿ, ಕೂದಲ ನೋಡೂಣು" ಅಂದ್ರು. ನಾ ಒಲ್ಲೆ ಅಂದ್ನಿ. ಅವರೇ ತಗದ್ರು.

ಹೇಳಬಾರದು ಅನಕೊಂಡಿದ್ನಿ, ಈಗ ಹೇಳ್ತೇನಿ. ನಿನ್ನ ಮಗಳು ಶರಣಿ ಅಲ್ಲೇ ಇದ್ದರ ಆಕಿಗಿ ಜರಾ ಹೊರಗ ಕಳಸು. ಹೋದಳೇನು? ಮಾವಾ, ಕೂದಲ ಹೋದ್ವು. ಇಲ್ಲಿಯ ಬೋರಿನ ನೀರೋ, ಬಣ್ಣದ ವಾಸನಿಯೋ, ನೆತ್ತಿ ಮ್ಯಾಲ ಕಣದಾಗಿನ ಗತೆ ಬಯಲಾಗ್ಯದ. ಟೊಪಗಿ ತಗದಾಗ ಮಂದಿ ಎಲ್ಲಾ ಸೀಸೆ ನೋಡಿದ್ರು, ನನ್ನ ನೆತ್ತಿ ನೋಡಿದ್ರು. ಆಮ್ಯಾಲ ಒಬ್ಬಾಂವ ಅಂದ, "ಪಾಪ, ಇಂವ ಇನ್ನೊಂದು ಸೀಸೆ ಹಚ್ಚಬೇಕಿತ್ತು."

ಸಣ್ಣಾಂವ ಇದ್ದಾಗಿಂದ ಶರಣಿ ನನಗೇ ಅಂತ ಮಾತಾಡೀರಿ. ವೈಶಾಖದಾಗ ಅಕ್ಕಿಕಾಳು ಅಂತೀರಿ. ಇಂಥಾ ತಲಿ ಹೊತಗೊಂಡು ಬಾಸಿಂಗಾ ಎಲ್ಲಿ ಕಟ್ಟಲಿ? ಫೋಟೋದ್ದು ಜಗಳ ಆಮ್ಯಾಲ ಮಾಡ್ತೇನಿ. ಮೊದಲ ಎರಡು ಸೀಸೆ ಕಳಸು. ಬಸ್ಸಿನ ಡ್ರೈವರ್ ಶರಫುದ್ದೀನನ ಕೈಯಾಗ ಕೊಡು. ಖಾದರಸಾಬನ ಹೆಸರು ಬರಿ, ನಂದು ಬ್ಯಾಡ.

ನಿನ್ನ ಅಳಿಯ,
ಅಂಬಾರಾಯ


ಅಫಜಲಪುರ
೩೦ ಜನವರಿ ೧೯೯೪

ಅತ್ತಿಯ ಮಗನಾದ ಅಂಬಾರಾಯ ಅವರಿಗೆ ಶರಣಬಸಮ್ಮ ಬರೆಯುವುದು. ಅಪ್ಪ ಹೇಳುತ್ತಾರೆ, ನಾನು ಬರೆಯುತ್ತೇನೆ. ಕೊನೆಯಲ್ಲಿ ಜಾಗ ಉಳಿದರೆ ಅದು ನನ್ನದು.

ನಿಮ್ಮ ಕ್ಯಾಸೆಟ್ಟನ್ನು ಬಸ್ ಸ್ಟ್ಯಾಂಡ್ ಎದುರಿನ ಎಸ್.ಟಿ.ಡಿ. ಅಂಗಡಿಯ ನಜಮುನ್ನಿಸಾ ಚಾಚಿಯ ಟೇಪಿನಲ್ಲಿ ಹಾಕಿ ಕೇಳಿದೆವು. ಸೋಲಾಪುರಕ್ಕೆ ಫೋನ್ ಹಚ್ಚಲು ನಿಂತಿದ್ದವರೂ ಕೇಳಿದರು. ನನ್ನನ್ನು ಹೊರಗೆ ಕಳಿಸಿ ಎಂದಿರಿ, ಹೋದೆ. ಬಾಗಿಲು ತೆರೆದೇ ಇತ್ತು.

ಅಪ್ಪನ ಮಾತು: "ಫೋಟೋಕ್ಕ ಯಾಕ ತಂಟೆ ತಗೀತಿ? ಸೋದರಮಾವ ಅಂದ ಮ್ಯಾಲ ನಿನ್ನ ತಲಿ ಮ್ಯಾಲ ನನಗ ಹಕ್ಕಿಲ್ಲೇನು? ಎಡಗಡೆ ಇರೋದು ಯಾರಂತ ತಿಳೀಲಿಲ್ಲಾ, ಹುಚ್ಚ? ನಿಮ್ಮಪ್ಪ ಸೈದಪ್ಪ. ಗಾಣಗಾಪುರದಾಗ ಹೊಳಿ ಜಳಕಾ ಮಾಡಿ ಕುಂತಾಗ ನಾನೇ ತಗಸಿದ್ನಿ. ನೀ ಅವನ ತಲಿ ಪಟಗಾ ಇಲ್ಲದ ಎಂದೂ ನೋಡಿಲ್ಲ, ಅದಕ್ಕ ತಿಳೀಲಿಲ್ಲ. ಅವನ ಮೂಗು ನಿಂದೇ, ಕಿವಿ ನಿಂದೇ. ಎರಡೂ ಒಂದೇ ಮನಷ್ಯಾ ಅಲ್ಲ ಅಂತ ಯಾವನು ಹೇಳ್ತಾನ?"

ವ್ಯಾಪಾರ ಜೋರಾಗಿದೆಯಂತೆ. ಗಜಕರ್ಣದ ಮುಲಾಮು, ಹಲ್ಲುಪುಡಿ ಎಲ್ಲ ಬಿಟ್ಟು ಈಗ ಇದೊಂದೇ. ಮೊದಲು ಗಾಣಗಾಪುರದಲ್ಲಿ ಮಾರಿದರು. ಹರಕೆಗೆ ತಲೆ ಬೋಳಿಸಿಕೊಂಡು ಬರುವವರನ್ನೇ ಹಿಡಿದು ಸೀಸೆ ಕೊಡುತ್ತಿದ್ದರು. ಅವರಿಗೆ ಕೂದಲು ಹೇಗೂ ಬರುತ್ತದೆ, ಹೆಸರು ತೈಲಕ್ಕೆ. ಈಗ ಜೇವರ್ಗಿ, ಆಳಂದ, ಎಲ್ಲ ಸಂತೆಗಳಿಗೂ ಹೋಗುತ್ತಾರೆ. ಈ ಸಲ ಕುಸುಬಿ ಎಣ್ಣೆಯಲ್ಲಿ ಹಿಮಾಲಯದ ಭಸ್ಮವನ್ನೂ ಹಾಕಿದ್ದಾರೆ, ಹಾಗಾಗಿ ನಿಜವಾಗಿಯೂ ಕೂದಲು ಬರುತ್ತದೆ ಎನ್ನುತ್ತಾರೆ. "ಹಾಗಾದರೆ ಮೊದಲಿನದು?" ಎಂದು ಕೇಳಿದೆ. "ಬರಿಯೋ ಕೆಲಸ ಮಾಡು ಬೇ" ಎಂದರು.

ಎರಡು ಸೀಸೆ ಕಳಿಸಿದ್ದೇವೆ. ತಲೆಗೆ ಹಚ್ಚಬೇಕು, ಹೊಟ್ಟೆಗೂ ಒಂದು ಚಮಚ ಮಜ್ಜಿಗೆಯಲ್ಲಿ ಕುಡಿಯಬೇಕು.

ಜಾಗ ಉಳಿದಿದೆ. ಮಾದನಹಿಪ್ಪರಗಾದ ನಿಮ್ಮ ಮನೆಗೂ ಅಪ್ಪ ಈ ಹೊಸ ಎಣ್ಣೆಯ ಒಂದು ಸೀಸೆ ಕೊಟ್ಟು ಬಂದಿದ್ದರು. ನಿಂಬೆವ್ವ ಅತ್ತಿ ಮುಚ್ಚಳ ತೆಗೆದಿಲ್ಲ. ಮನೆಯಲ್ಲಿ ತೀರಿಹೋದ ಮಾವನವರ ಬೇರೆ ಫೋಟೋ ಇಲ್ಲವಲ್ಲ. ಸೀಸೆಗೆ ವಿಭೂತಿ ಹಚ್ಚಿ ದೇವರ ಜಗಲಿಯ ಮೇಲೆ ಇಟ್ಟು ದಿನಾಲೂ ಹೂ ಏರಿಸುತ್ತಾರೆ. ಬಲಗಡೆಯ ನಿಮಗೂ ಅದರಲ್ಲೇ ಒಂದು ಎಸಳು ಸಿಗುತ್ತಿರಬೇಕು.

ಲೇಬಲ್ಲು ಅಂಟಿಸುವವಳು ನಾನು. ದಿನವೂ ಎರಡೂ ಮುಖ ನೋಡುತ್ತೇನೆ. ಬಲಗಡೆಯವರು ಕನ್ನಡಿ ನೋಡಿಕೊಂಡು ಬಂದವರ ಹಾಗೆ ಇದ್ದಾರೆ. ಎಡಗಡೆಯ ಮುಖವೇ ನನಗೆ ಹೆಚ್ಚು ನಂಬಿಕೆ ಹುಟ್ಟಿಸುತ್ತದೆ. ಇದನ್ನು ಅಪ್ಪ ಹೇಳಿ ಬರೆಸಿದ್ದಲ್ಲ.

ಶರಣಬಸಮ್ಮ


ಕುರ್ಲಾ
೬ ಮಾರ್ಚ್ ೧೯೯೪
(ಕ್ಯಾಸೆಟ್ಟು)

ಮಾವಾ, ಮೊದಲ ಇದೊಂದು ಹೇಳು. ನಿನ್ನ ಎಣ್ಣಿಗಿ ತಲಿ ಯಾವುದು, ಮಾರಿ ಯಾವುದು ಅಂತ ಗೊತ್ತಾಗೂದಿಲ್ಲೇನು?

ಕೂದಲ ಬಂದಾವ. ಸುಳ್ಳಾ ಹೇಳಾಂಗಿಲ್ಲ, ದಂಡಿ ಬಂದಾವ. ಹಣಿ ಮ್ಯಾಲ ಬಂದಾವ. ಎರಡು ಹುಬ್ಬು ಹೋಗಿ ಒಂದೇ ಆಗ್ಯದ. ಕಿವಿ ಮ್ಯಾಲ ಕರಡಿ ಮರಿಗತೆ ಬಂದಾವ. ನೆತ್ತಿ ಮಾತ್ರ ಮೊದಲಿನಂಗೇ ಬಯಲು, ಅಲ್ಲಿ ಒಂದು ಹುಲ್ಲ ಕಡ್ಡಿ ಎದ್ದಿಲ್ಲ. ಖಾದರಸಾಬ ನನ್ನ ತಲಿದಿಂಬಿನ ಮ್ಯಾಲ ಮಲಗಿದ್ದ. ಅವನ ಗಡ್ಡಾ ಒಂದು ಕಡಿ ಬರ್ತಿದ್ದಿಲ್ಲ, ಈಗ ಬರಾಕತ್ತದ. ಅಂವ ಖುಷ್ ಅದಾನ. ಬೇಕಂತಲೇ ಆ ಕಡಿಗೇ ಮಗ್ಗಲಾಗ್ತಾನ.

ಇಷ್ಟ ಆಗಿದ್ದರ ನಕ್ಕು ಬಿಡ್ತಿದ್ನಿ. ಮೊನ್ನಿ ಪರಾಂಚಿ ಮ್ಯಾಲಿದ್ನಿ. ಪರಾಂಚಿ ಅಂದ್ರ ಬಣ್ಣಾ ಹಚ್ಚಾಕ ಕಟ್ಟಡಕ್ಕ ಬಿದಿರು ಕಟ್ಟಿರ್ತಾರಲ್ಲ, ಅದು. ಒಮ್ಮಿಗೇ ಎದಿ ಓಡಾಕ ಹತ್ತಿತು. ಕಾರಹುಣ್ಣಿವಿ ಕರಿಗಿ ಬಿಟ್ಟ ಎತ್ತು ಓಡಿದಂಗ. ಕಣ್ಣಿಗಿ ಕತ್ತಲಿ. ನಾ ವಾಲಿದ್ನಿ, ಸೊಂಟಕ್ಕ ಹಗ್ಗಾ ಇತ್ತು, ಬದಕಿದ್ನಿ. ಗುಲಾಬಿ ಬಣ್ಣದ ಡಬ್ಬಿಗಿ ಹಗ್ಗಾ ಇದ್ದಿಲ್ಲ. ಅದು ಹೋಗಿ ಬಿಲ್ಡರನ ಬಿಳಿ ಕಾರಿನ ಮ್ಯಾಲ ಬಿತ್ತು. ಮುಕಾದಮ ಇನ್ನಾ ಬೈಯಾಕತ್ತಾನ, ಮುಗದಿಲ್ಲ. ನಗಬ್ಯಾಡ್ರಿ. ಹಗ್ಗಕ್ಕ ಜೋತು ಬಿದ್ದಾಗ ನನಗ ನಗಿ ಬಂದಿದ್ದಿಲ್ಲ, ಅವ್ವನ ನೆನಪಾಗಿತ್ತು.

ದವಾಖಾನಿಯಾಗ ಮರಾಠಿ ಡಾಕ್ಟರಬಾಯಿ ಕೈಗಿ ಪಟ್ಟಿ ಕಟ್ಟಿ ಉಬ್ಬಿಸಿ ನೋಡಿದಳು. "ಇಷ್ಟು ಕಮ್ಮಿ ಪ್ರೆಶರಿನ್ಯಾಗ ನೀ ನಿಂತೀದೆಂಗ?" ಅಂತ ಕೇಳಿದಳು. ಕಿವಿ ನೋಡಿದಳು, ಹಣಿ ನೋಡಿದಳು, ಬೀಗಿದ ಕಾಲು ಒತ್ತಿ ನೋಡಿದಳು. "ಏನು ತಿಂದೀದಿ?" ಅಂದಳು. ಸೀಸೆ ಒಯ್ದು ತೋರಿಸಿದ್ನಿ. ತಳದಾಗ ಬಿಳಿ ಗಸಿ ಕುಂತಿತ್ತು. "ಇದು ಭಸ್ಮ ಅಲ್ಲೋ. ಬಿಪಿಗಿ ಕೊಡೋ ಗುಳಿಗಿ ಇದ್ದಂಗ ಅದ. ಅದರಾಗ ಒಂದು ಜಾತಿದು ತಿಂದ್ರ ಮೈಮ್ಯಾಲೆಲ್ಲಾ ಕೂದಲ ಬರ್ತಾವ, ಎದಿ ಓಡ್ತದ, ತೇಲಗಣ್ಣು ಬಿಡ್ತಾರ. ಹುಷಾರಿಲ್ಲದ ತಿಂದ್ರ ಮನಷ್ಯಾನೇ ಹೋಗ್ತಾನ" ಅಂದಳು. ಚೀಟಿ ಬರದು ಕೊಟ್ಟಾಳ. ಎಣ್ಣಿ ಬಿಟ್ಟೇನಿ, ಈಗ ಜರಾ ಸುಮಾರ ಅದ.

ಮಾವಾ, ಅದರಾಗ ಏನು ಹಾಕೀದಿ?

ಶರಣೀ, ನೀ ಬಾಗಿಲ ಹೊರಗ ನಿಂತು ಕೇಳಾಕತ್ತಿದ್ದರ ಒಳಗ ಬಾ. ಎಣ್ಣಿ ಕಲಸೋರು ಯಾರು?

ಅಂಬಾರಾಯ


ಅಫಜಲಪುರ
೨೪ ಮಾರ್ಚ್ ೧೯೯೪

ಅಂಬಾರಾಯ ಅವರಿಗೆ,

ಒಳಗೆ ಬಂದು ಕೇಳಿದೆ. ಎಣ್ಣೆ ಕಲಸುವವಳು ನಾನು.

ಈ ಪತ್ರ ಅಪ್ಪನಿಗೆ ಗೊತ್ತಿಲ್ಲ. ಹಿಮಾಲಯದ ಭಸ್ಮ ಎಂದು ಅಪ್ಪ ತಂದುಕೊಡುತ್ತಿದ್ದದ್ದು ಸಣ್ಣ ಬಿಳಿ ಗುಳಿಗೆಗಳು. ಹಿಮಾಲಯದಲ್ಲಿ ಭಸ್ಮವನ್ನು ಗುಳಿಗೆ ಮಾಡಿಯೇ ಕಳಿಸುತ್ತಾರೇನೋ ಎಂದುಕೊಂಡು ಕಲಬತ್ತಿನಲ್ಲಿ ಕುಟ್ಟಿ ಅರೆಯುತ್ತಿದ್ದೆ. ಪುಡಿ ಮೂಗಿಗೆ ಹೋಗುತ್ತಿತ್ತು. ಈಚೆಗೆ ನನ್ನ ಮುಂಗೈ ಮೇಲೆ ಕಪ್ಪಗೆ ಕೂದಲು ಎದ್ದಿವೆ, ತುಂಬುತೋಳಿನ ಕುಪ್ಪಸ ಹಾಕಿಕೊಳ್ಳುತ್ತೇನೆ. ಒಮ್ಮೆ ಬೋರಿಂಗ್ ಹತ್ತಿರ ಕೊಡ ಇಟ್ಟವಳು ಅಲ್ಲೇ ಕೂತುಬಿಟ್ಟೆ. ಬಿಸಿಲಿಗೆ ಎಂದರು. ನಾನೂ ಬಿಸಿಲಿಗೆ ಎಂದೆ.

ನಿಮ್ಮ ಕ್ಯಾಸೆಟ್ಟು ಮುಗಿದ ಮೇಲೆ ಅಪ್ಪನಿಗೆ ಕೇಳಿದೆ. ಅಪ್ಪ ನಾಚಲಿಲ್ಲ, ಎದೆ ಉಬ್ಬಿಸಿದರು. "ಸೋಲಾಪುರದ ಔಷಧದ ಅಂಗಡಿಯಾಂವ ಹೇಳಿದ. ಬಿಪಿಯಾಂವ ಒಬ್ಬ ಈ ಗುಳಿಗಿ ತಿಂದು ಮಂಗ್ಯಾನಂಗ ಕೂದಲ ಬೆಳಸಿದನಂತ. ನಾ ಆಗೇ ಅನಕೊಂಡ್ನಿ, ಇದು ರೋಗಿಗಳ ಕೈಯಾಗ ಹಾಳಾಗಾಕತ್ತದ, ಮಂದಿಗಿ ಮುಟ್ಟಸಬೇಕು ಅಂತ. ಇಲ್ಲೀತನಕ ಸುಳ್ಳ ಎಣ್ಣಿ ಮಾರಿದ್ನಿ, ಯಾವ ಮಗಾ ಕೇಳಲಿಲ್ಲ. ಖರೇ ಔಷಧಾ ಹಾಕಿದ ಮ್ಯಾಲ ಕೇಸು ಹಾಕ್ತಾರ!"

ಹೌದು, ಕೇಸು ಬಿದ್ದಿದೆ. ಹಾಕಿದವರು ಜೇವರ್ಗಿಯ ಪಾಂಡುರಂಗರಾವ್, ಕೋರ್ಟಿನಲ್ಲಿ ಶಿರಸ್ತೇದಾರರಾಗಿ ನಿವೃತ್ತರಾದವರು. ಕೇಸಿಗೆ ಮೊದಲು ಒಮ್ಮೆ ತಾವೇ ಬಂದಿದ್ದರು, ಕಿವಿ ಹಣೆ ಎಲ್ಲ ಮಫ್ಲರಿನಲ್ಲಿ ಸುತ್ತಿಕೊಂಡು.

ಅಪ್ಪ, "ರಾವಸಾಹೇಬ್ರ, ಕೂದಲ ಬಂದಾವೋ ಇಲ್ಲೋ?" ಎಂದರು.

"ಬಂದಾವ. ಹಣಿ ಮ್ಯಾಲ. ಗಂಧಾ ಹಚ್ಚಲಿಕ್ಕೆ ಜಾಗಾ ಉಳದಿಲ್ಲ."

"ಹಂಗಾದ್ರ ಔಷಧಾ ಚಲೋ ಅದ ಅಂದಂಗಾತು."

"ಚಂದಪ್ಪಾ, ನನ್ನ ತಲೀಗಿ ತಿಕ್ಕಿ ತಿಕ್ಕಿ ನಮ್ಮ ಪ್ರಮಿಲಾನ ಕೈಗೆಲ್ಲಾ ಕೂದಲ ಬಂದಾವ. ಆಕಿ ಮಂದಿ ಮನೀಗಿ ಅರಿಷಿಣ ಕುಂಕುಮಕ್ಕ ಹೋಗೋದು ಬಿಟ್ಟಾಳ. ನಾ ಪೂಜಾಕ್ಕ ಕೂತಾಂವ ದೇವರ ಮುಂದೇ ಬಿದ್ದೆ, ಗುಲಬರ್ಗಾ ದವಾಖಾನಿಯಾಗ ಮಲಗಿ ಬಂದೀನಿ. ಜೀವಮಾನೆಲ್ಲಾ ಮಂದಿ ಫಿರ್ಯಾದಿ ಓದಿದಾಂವ ನಾ. ನಂದು ಹ್ಯಾಂಗಿರ್ತದ ನೋಡು."

ಅವರ ಫಿರ್ಯಾದಿ ಗುಲಬರ್ಗಾ ಗ್ರಾಹಕರ ವೇದಿಕೆಯಿಂದ ಬಂದಿದೆ. ಒಂದು ಸಾಲು ನಿಮಗಾಗಿ ಬರೆಯುತ್ತೇನೆ: 'ಸದರಿ ತೈಲವನ್ನು ಸದರಿ ತಲೆಗೆ ಲೇಪಿಸಿದ್ದಲ್ಲಿ, ಸದರಿ ತಲೆಯೊಂದನ್ನು ಹೊರತುಪಡಿಸಿ ಅರ್ಜಿದಾರನ ಹಾಗೂ ಸದರಿಯವನ ಪತ್ನಿಯ ಇತರೆ ಎಲ್ಲ ಭಾಗಗಳಲ್ಲಿ ಕೂದಲು ಉದ್ಭವಿಸಿ...' ಎರಡನೇ ಎದುರುದಾರ ಯಾರೆಂದರೆ, 'ಸೀಸೆಯ ಬಲಭಾಗದಲ್ಲಿ ಕೂದಲುಸಹಿತ ತೋರುವ ಸದರಿ ವ್ಯಕ್ತಿ'. ಅದು ನೀವು. ಮೇ ಐದಕ್ಕೆ ಗುಲಬರ್ಗಾದಲ್ಲಿ ಹಾಜರಾಗಬೇಕು.

ಅಪ್ಪ ವಕೀಲರನ್ನು ಇಡುವುದಿಲ್ಲವಂತೆ. ಅವರ ಲೆಕ್ಕ ಇಷ್ಟೇ: ನೀವು ತಲೆತುಂಬ ಕೂದಲಿನಿಂದ ಹೋಗಿ ನಿಂತು 'ಇದು ಕೇಶಭಾಗ್ಯದಿಂದ ಬಂದದ್ದು' ಎಂದರೆ ಕೇಸು ಬಿದ್ದುಹೋಗುತ್ತದೆ. ಅದಕ್ಕೆ ಟೋಪನ್, ಎಂದರೆ ಕಟ್ಟುಗೂದಲು, ಹುಡುಕುತ್ತಿದ್ದಾರೆ. "ಅಂಬ್ಯಾ ಕೂದಲ ಸಮೇತ ನಿಂತಾ ಅಂದ್ರ ಅದೇ ವೈಶಾಖದಾಗ ಅಕ್ಕಿಕಾಳು. ನಿಲ್ಲಲಿಲ್ಲಾ ಅಂದ್ರ ಬ್ಯಾರೆ ಕಡಿ ನೋಡ್ತೇನಿ" ಎಂದು ನಿಮಗೆ ತಿಳಿಸಲು ಹೇಳಿದರು. ನಾನು ತಿಳಿಸುವುದಿಲ್ಲ ಎಂದೆ. ಈಗ ತಿಳಿಸಿದ್ದೇನೆ.

ಕೇಸು ಬಿದ್ದುಹೋದರೆ ಗುಳಿಗೆ ಮತ್ತೆ ಬರುತ್ತವೆ. ಸಂತೆ ಮತ್ತೆ ನಡೆಯುತ್ತದೆ. ಇನ್ನು ಹೆಚ್ಚು ಬರೆಯುವುದಿಲ್ಲ. ಬರೆದರೆ ನಾನೇ ಹೇಳಿಕೊಟ್ಟ ಹಾಗಾಗುತ್ತದೆ.

ಶರಣಬಸಮ್ಮ


ಮಾದನಹಿಪ್ಪರಗಾ
೧೧ ಏಪ್ರಿಲ್ ೧೯೯೪

ತಮ್ಮನಾದ ಚಂದಪ್ಪನಿಗೆ ಅಕ್ಕ ನಿಂಬೆವ್ವನ ಆಶೀರ್ವಾದ. ಬರೆಯುವವನು ಶಾಲೆಯ ಅನಂತ ಮಾಸ್ತರ. ಆಶೀರ್ವಾದ ನಾನು ಸೇರಿಸಿದ್ದು, ಅವರು ಹೇಳಿದ್ದಲ್ಲ. ಮುಂದಿನದು ಅವರು ಹೇಳಿದಂತೆಯೇ.

ಲೇ ಚಂದ್ಯಾ, ನಿನಗ ಬುದ್ಧಿ ಅದನೋ ಇಲ್ಲೋ? ಮನಿಯಾಗಿದ್ದ ಸೀಸೆ ಎಲ್ಲಾ ಹಳ್ಳಕ್ಕ ಚೆಲ್ಲಿದಿ, ಸಾಕ್ಷಿ ಇರಬಾರದು ಅಂತ. ಈಗ ನನ್ನ ಜಗಲಿ ಮ್ಯಾಲಿಂದೂ ಕೊಡು ಅಂತ ಮಂದಿ ಕಳಸ್ತಿ. ಆ ಜೇವರ್ಗಿ ರಾಯರೂ ಮಂದಿ ಕಳಸ್ಯಾರ, ಮುಚ್ಚಳ ತಗೀಲಾರದ ಸೀಸೆ ಊರಾಗ ಇದೊಂದೇ ಉಳದದ, ತಪಾಸಕ್ಕ ಬೇಕು ಅಂತ. ನಿನಗೂ ಕೊಡಾಂಗಿಲ್ಲ, ಅವರಿಗೂ ಕೊಡಾಂಗಿಲ್ಲ. ನಾ ದಿನಾ ಮಾತಾಡಸೋ ಮನಷ್ಯಾಗ ನೀವು ಚೀಲದಾಗ ಹಾಕ್ಕೊಂಡು ಬಸ್ಸಿನ್ಯಾಗ ಒಯ್ತೀರಿ?

ಅವರು ಬದಕಿರೋ ತನಕ ಮಂದಿ ಮುಂದ ಪಟಗಾ ತಗೀಲಿಲ್ಲ. ನೀ ಅವರಿಗಿ ಬರಿ ತಲೀಲೆ ಊರೂರು ಸಂತಿಗಿ ತಿರಗಿಸೀದಿ. ಸಿಟ್ಟು ಬಂದಿತ್ತು. ಆದರ ಮಾರಿ ನೋಡಾಕ ಸಿಕ್ಕಿತು, ಅದಕ್ಕ ಸುಮ್ಮಕುಂತೇನಿ.

ಕೋರ್ಟಿಗಿ ನಾ ಬರ್ತೇನಿ. ಸೀಸೆ ಬಂದರ ನನ್ನ ಉಡ್ಯಾಗ ಬರ್ತದ.

(ನಡುವೆ ನಿನಗೆ ಹೇಳಿದ ನಾಲ್ಕು ಶಬ್ದ ಬರೆಯಲು ನನ್ನ ಕೈ ಬರಲಿಲ್ಲ. ಅವನ್ನು ಮುಖಾಮುಖಿ ಹೇಳುತ್ತಾರಂತೆ. ಅನಂತ ಮಾಸ್ತರ)

ನಿಂಬೆವ್ವನ ಹೆಬ್ಬೆಟ್ಟು


ಅಫಜಲಪೂರ
೨೫ ಏಪ್ರೀಲ
(ಕಾರ್ಡು)

ಅಂಬ್ಯಾ, ಶರಣಿ ಬರ್ಯಾಂಗಿಲ್ಲ ಅಂತಾಳ. ಅದಕ್ಕ ನಾನೇ ಬರದೇನಿ. ಟೋಪನ ಸಿಕ್ಕದ. ಸೊನ್ನ ಊರಿನ ಬಯಲಾಟದವರದು. ರಾಣಿ ಪಾರ್ಟಿಂದು, ಹೆರಳ ಕತ್ತರಸೇನಿ, ಈಗ ಗಂಡಸರದಂಗ ಅದ. ರೇಲ್ವೆಕ್ಕ ಗುಲಬರ್ಗಾಕ್ಕ ಸೀದಾ ಬಾ. ಬೋಳ್ಯಾ ಆಗಿ ಮಂದಿ ಕಣ್ಣಿಗಿ ಬೀಳಬ್ಯಾಡ. ಕಿವಿ ಮ್ಯಾಲಿಂದು ಹೆರಸಕೊಂಡು ಬಾ.

ಮಾವ


ಕುರ್ಲಾ
೮ ಮೇ ೧೯೯೪, ಆದಿತ್ಯವಾರ
(ಕ್ಯಾಸೆಟ್ಟು)

ಶರಣೀ, ಈ ಸಲ ಕ್ಯಾಸೆಟ್ಟು ನಿನಗ. ಮಾವ ಅಲ್ಲೇ ಇದ್ದರ ಅವಗ ಜರಾ ಹೊರಗ ಕಳಸು. ಬಾಗಿಲಾ ಹಾಕು.

ಅಂವ ಬಂದು ಏನೇನು ಹೇಳ್ಯಾನೋ. ನಾ ಓಡಿ ಬಂದಿದ್ದು ಖರೆ. ಅಂವ ಚಪ್ಪಲ್ ಹಿಡಕೊಂಡು ನನ್ನ ಬೆನ್ನ ಹತ್ತಿದ್ದೂ ಖರೆ. ಆದರ ಅದು ನಂದೇ ಚಪ್ಪಲ್, ಓಡೋ ಗದ್ಲದಾಗ ಬಿಟ್ಟಿದ್ನಿ. ಕೊಡಾಕ ಬಂದಿದ್ನೋ ಹೊಡ್ಯಾಕ ಬಂದಿದ್ನೋ, ನಿಂತು ಕೇಳೋ ಧೈರ್ಯ ಆಗಲಿಲ್ಲ.

ಮೊದಲಿಂದ ಹೇಳ್ತೇನಿ. ಗುಲಬರ್ಗಾ ಸ್ಟೇಶನ್ನಿಗಿ ಮಾವ ಬಂದಿದ್ದ. ಚಹಾದ ಅಂಗಡಿ ಕನ್ನಡಿ ಮುಂದ ನಿಲ್ಲಿಸಿ ಟೋಪನ ಹಾಕಿದ. ಅಂಗಡಿಯಾಂವ, "ಇವತ್ತು ಎಲ್ಲಿ ಆಟ ಅದ್ರಿ?" ಅಂತ ಕೇಳಿದ. ನಾ ಹಾಕ್ಕೊಂಡೇ ಇದ್ನಿ. ನಿಜಾ ಹೇಳ್ತೇನಿ, ಹಾಕ್ಕೊಂಡೇ ನಿಲ್ಲೋಣು ಅನಕೊಂಡಿದ್ನಿ. ವೈಶಾಖ, ಅಕ್ಕಿಕಾಳು, ನೀನು, ಇಷ್ಟೇ ಇತ್ತು ತಲಿಯಾಗ. ತಲಿ ಮ್ಯಾಲ ಏನರ ಇರಲಿ.

ಚಹಾ ಕುಡಿಯೋ ಮುಂದ ಮಾವ ಅಂದ, "ಇದೊಂದು ದಾಟಲಿ ಅಂಬ್ಯಾ. ಸೋಲಾಪುರದಾಂವಗ ಗುಳಿಗಿ ಹೇಳಿಟ್ಟೇನಿ. ಶರಣಿ ಅರದಂಗ ಯಾರೂ ಅರ್ಯಾಂಗಿಲ್ಲ, ಆಕಿ ಕೈಗೇ ಕೊಡ್ತೇನಿ." ನಾ ಚಹಾದ ಕಪ್ಪು ಕೆಳಗ ಇಟ್ಟ್ನಿ. ನೀ ಬರದಿದ್ದಿ ನೋಡು, ಬೋರಿಂಗ್ ಹತ್ತಿರ ಕುಂತೆ ಅಂತ, ಬಿಸಿಲಿಗಿ ಅಂತ. ಹಗ್ಗಕ್ಕ ಜೋತು ಬಿದ್ದಾಂವಗ ಅದು ಬಿಸಿಲಲ್ಲ ಅಂತ ಗೊತ್ತಾಗ್ತದ.

ಒಳಗ ಹೋದ್ವಿ. ಮೂರು ಮಂದಿ ಕುಂತಿದ್ರು, ನಡುವ ದೊಡ್ಡ ಸಾಹೇಬ್ರು, ಬಾಜೂಕ ಒಬ್ಬ ಅಮ್ಮಾರು. ರಾಯರು ಮಫ್ಲರ್ ಬಿಚ್ಚಿ ಹಣಿ ತೋರಿಸಿದ್ರು. ಪ್ರಮಿಲಾಬಾಯಿ ತೋಳು ತೋರಸಾಂಗಿಲ್ಲ ಅಂದ್ರು, ಅಮ್ಮಾರೊಬ್ಬರೇ ನೋಡಿ "ಅಯ್ಯ" ಅಂದ್ರು. ಮಾವನ ಪಾಳಿ ಬಂತು. ಎದ್ದು ನಿಂತು ಸಂತಿಯಾಗ ಒದರಿದಂಗ ಒದರಾಕ ಸುರು ಮಾಡಿದ, "ಬರ್ರಿ ಅಣ್ಣಾರ, ಅಕ್ಕಾರ, ನೋಡಿ ನಂಬ್ರಿ..." ಅಮ್ಮಾರು ಮೇಜು ಬಡದು, "ಇದು ಸಂತಿ ಅಲ್ರಿ" ಅಂದ್ರು. ಮಾವ, "ಸಾಹೇಬ್ರ, ನನ್ನ ಸಾಕ್ಷಿ ಬಾಯಿಲೆ ಹೇಳಾಂಗಿಲ್ಲ, ತಲೀಲೇ ಹೇಳ್ತದ. ಏಳೋ ಅಂಬ್ಯಾ" ಅಂದ.

ನಾ ಎದ್ನಿ. ಮ್ಯಾಲ ಫ್ಯಾನು. ರಾಣೀದು ಕೂದಲ ಹಾರಾಕತ್ತಾವ.

ಸಾಹೇಬ್ರು ಕೇಳಿದ್ರು, "ಈ ಕೂದಲ ತೈಲದಿಂದ ಬಂದದ್ದೇನಪ್ಪಾ?"

"ಅಲ್ರಿ."

"ಮತ್ತ ಎಲ್ಲಿಂದ ಬಂತು?"

"ಸೊನ್ನದಿಂದ್ರಿ" ಅಂದು ತಗದು ಮೇಜಿನ ಮ್ಯಾಲ ಇಟ್ಟ್ನಿ. ಬರಕೊಳ್ಳಾಕತ್ತಿದ್ದ ಕಾರಕೂನ ಜಿಗದು ಖುರ್ಚಿ ಮ್ಯಾಲ ನಿಂತ.

ರಾಯರು ಚಾಳೀಸು ಹಾಕ್ಕೊಂಡು ಹತ್ತಿರ ಬಂದ್ರು. ತಮ್ಮ ಖಾಲಿ ಸೀಸೆ ನೋಡಿದ್ರು, ನನ್ನ ನೋಡಿದ್ರು. "ಸ್ವಾಮೀ, ನಾ ಕೇಸ್ ತಪ್ಪು ಹಾಕೀನಿ. ಇಂವ 'ಆಮೇಲೆ' ಅಲ್ಲ. ಇಂವ 'ಮೊದಲು'!"

ಎಲ್ಲಾರೂ ನಕ್ಕರು. ನಾನೂ ನಕ್ಕ್ನಿ. ಆಮ್ಯಾಲ ಎಲ್ಲಾ ಹೇಳಿದ್ನಿ. ಪರಾಂಚಿದು ಹೇಳಿದ್ನಿ, ಡಾಕ್ಟರಬಾಯಿ ಚೀಟಿ ಕೊಟ್ಟ್ನಿ. "ಅದನ್ನ ಅರಿಯೋರು ಒಬ್ಬರು ಮನಿಯಾಗ ಅದಾರ್ರಿ. ಅವರಿಗಿ ಸೀಸೆನೂ ಕೊಟ್ಟಿಲ್ಲ, ಅವರು ಫಿರ್ಯಾದಿನೂ ಕೊಡಾಂಗಿಲ್ಲ. ಅವರ ಪರವಾಗಿ ಇದು ನಿಲ್ಲಸ್ರಿ" ಅಂದ್ನಿ. ಮಾವ ನನ್ನ ನೋಡಿದ. ಬೈತಾನ ಅನಕೊಂಡಿದ್ನಿ, ಬೈಲಿಲ್ಲ. "ಶರಣಿಗಿ ಏನಾಗ್ಯದ?" ಅಂತ ಕೇಳಿದ, ಮೆಲ್ಲಕ. ಅವಗ ನೀ ತೋಳು ತೋರಿಸೇ ಇಲ್ಲೇನು?

ಎಡಗಡೆ ಇರೋದು ಯಾರು ಅಂತ ಸಾಹೇಬ್ರು ಕೇಳಿದಾಗ ಹಿಂದಿಂದ ಅವ್ವ ಎದ್ದಳು. ಉಡ್ಯಾಗ ಸೀಸೆ. ನನ್ನ ಬರಿ ತಲಿ ಆಕಿ ನೋಡಿದ್ದು ಇದೇ ಮೊದಲು. ನನಗ ನೋಡ್ತಾಳ, ಸೀಸೆ ನೋಡ್ತಾಳ, ಕಣ್ಣಾಗ ನೀರು. "ಇವರು... ಇವರೇ ರೀ" ಅಂದಳು.

"ಇವರು ಅಂದ್ರ? ಹೆಸರು ಹೇಳಬೇಕಮ್ಮಾ."

"ಗಂಡನ ಹೆಸರು ಬಾಯಿಲೆ ಹ್ಯಾಂಗ ಹೇಳಲ್ರಿ?"

"ಹೇಳದಿದ್ರ ಬರಕೊಳ್ಳಾಕ ಬರಾಂಗಿಲ್ಲ" ಅಂದ ಕಾರಕೂನ, ಖುರ್ಚಿ ಮ್ಯಾಲಿಂದೇ.

ಅಮ್ಮಾರು ನಕ್ಕೋತ, "ಒಡಪು ಹಚ್ಚಿ ಹೇಳ್ರಿ ಅಜ್ಜೀ" ಅಂದ್ರು. ಶರಣೀ, ಅವ್ವ ಸೆರಗ ಮುಂದ ಎಳಕೊಂಡು, ಮದಿಮಗಳಂಗ ತಲಿ ಬಗ್ಗಿಸಿ, ಕೋರ್ಟಿನ್ಯಾಗ ಒಡಪು ಹೇಳಿದಳು:

"ಹಿಪ್ಪರಗಿ ಹೊಲದಾಗ ಕುಸುಬಿ ಹೂವಿಗಿ ಸುತ್ತಾ ಮುತ್ತಾ ಮುಳ್ಳ,
ಪಟಗದ ಒಳಗಿನ ಗುಟ್ಟ ಊರಾಗ ನನ್ನ ಬಿಟ್ಟ ಯಾರ ಬಲ್ಲ,
ಸೈದಪ್ಪನವರ ಹೆಸರ ಹೇಳಿದ್ನಿ, ಸುಳ್ಳಾಡೋ ಮನಿತನ ಅಲ್ಲ."

ಕಾರಕೂನ ಇಳದು ಬಂದು ಬರಕೊಂಡ.

ಸೀಸೆ ಮಾತ್ರ ಕೊಡಾಂಗಿಲ್ಲ ಅಂದಳು. ಎಣ್ಣಿ ಬೇಕಾದ್ರ ಒಯ್ರಿ, ಫೋಟೋ ಕೊಡ್ರಿ ಅಂತಾಳ. ರಾಯರು ಲೇಬಲ್ಲೂ ಸಾಕ್ಷಿ ಅದ ಅಂತಾರ. ಬಾಳ ಹೊತ್ತು ಜಗ್ಗಾಡಿದ್ರು. ಕಡಿಗಿ ಸಾಹೇಬ್ರು ಬ್ಲೇಡು ತರಿಸಿದ್ರು. ಲೇಬಲ್ಲು ನಡುವ ಕೊಯ್ದು ಎಡಗಡಿದು ಅವ್ವಗ ಕೊಟ್ರು. ಬಲಗಡಿದು ಸೀಸೆ ಸಂಗಾಟ ತಪಾಸಕ್ಕ ಹೋತು. ಈಗ ಅಪ್ಪ ಹಿಪ್ಪರಗಿ ಜಗಲಿ ಮ್ಯಾಲ ಅದಾನ. ನಾನು ಸರಕಾರದ ಬೀಗದಾಗ ಅದೇನಿ.

ಮಾರಾಟ ಬಂದ್ ಅಂತ ಹೇಳ್ಯಾರ. ಪರಿಹಾರದ್ದು ಮುಂದಿನ ತಾರೀಖಿಗಿ. ಅಲ್ಲೀತನಕ ಮಾವ ತಾ ಮಾರಿದ ಸಂತಿ ಸಂತಿಗಿ ಹೋಗಿ, ಅದೇ ದನಿಲೆ, ಎಣ್ಣಿ ಹಚ್ಚಬ್ಯಾಡ್ರಿ, ಕುಡಿಬ್ಯಾಡ್ರಿ ಅಂತ ಒದರಬೇಕಂತ. ರಾಯರು ತಾವೂ ಸಂಗಾಟ ಬರ್ತಾರಂತ, ಹಣಿ ತೋರಸಾಕ.

ಹೊರಗ ಬಂದ ಮ್ಯಾಲ ಮಾವಗ ಸಿಟ್ಟು ಬಂತು. "ಬೋಳ್ಯಾಗ ಮಗಳಿಗಿ ಕೊಡಾಂಗಿಲ್ಲ" ಅಂದ. ಅವ್ವ ಅಂದಳು, "ನಮ್ಮಪ್ಪ ನನಗ ಇಂಥಾ ತಲಿಯವರಿಗೇ ಕೊಟ್ಟಿದ್ದಿಲ್ಲೇನೋ?" ಆ ಮಾತಿಗಿ ಅಂವ ಚಪ್ಪಲ್ ತಗೊಂಡ, ನಾ ಓಡಿದ್ನಿ.

ಶರಣೀ, ನೀ ಮೊದಲ ದವಾಖಾನಿಗಿ ಹೋಗು. ಪ್ರೆಶರ್ ನೋಡಸು. ಕಲಬತ್ತು ತೊಳದು ಖಾರಾ ಕುಟ್ಟಬ್ಯಾಡ, ಹೊಳ್ಯಾಗ ಒಗದು ಬಿಡು. ಮುಂಗೈ ಮ್ಯಾಲಿಂದು ಉದುರ್ತಾವಂತ, ಡಾಕ್ಟರಬಾಯಿಗಿ ಕೇಳೇನಿ. ನನ್ನ ಕಿವೀದು ಉದರಾಕತ್ತಾವ. ಉದರಲಿಲ್ಲಾ ಅಂದ್ರೂ ನನ್ನ ಕಡಿಂದ ಏನೂ ತಕರಾರಿಲ್ಲ.

ಇನ್ನೊಂದು ಮಾತು. ಎಡಗಡಿ ಮುಖ ನಂಬಿಕಿದು ಅಂತ ಬರದಿದ್ದಿ. ಅದು ಅಪ್ಪನ ಸಲುವಾಗಿ ಬರದಿದ್ದಿ, ನನಗ ಗೊತ್ತದ. ಈಗ ಕನ್ನಡಿಯಾಗ ನೋಡ್ತೇನಿ, ನಾ ಸರದು ಸರದು ಆ ಕಡಿಗೇ ಬಂದು ನಿಂತೇನಿ. ಟೊಪಗಿ ಖಾದರಸಾಬಗ ಕೊಟ್ಟುಬಿಟ್ಟೇನಿ.

ಟೇಪು ಮುಗೀಲಿಕ್ಕ ಬಂತು, ಇನ್ನ ಕವ್ವಾಲಿ ಸುರು ಆಗ್ತದ. ಶರಫುದ್ದೀನ ಇದನ್ನ ಬುಧವಾರ ಮುಟ್ಟಸ್ತಾನ. ಬರೋ ಆದಿತ್ಯವಾರ ಮುಂಜಾನಿ ಹತ್ತು ಗಂಟಿಗಿ ನಜಮುನ್ನಿಸಾ ಚಾಚಿ ಅಂಗಡಿಗಿ ಫೋನ್ ಹಚ್ಚತೇನಿ. ಮಾವ ಎತ್ತಿದ್ರ ರಾಂಗ್ ನಂಬರ್ ಅಂತ ಇಡ್ತೇನಿ, ಹತ್ತೂವರಿಗಿ ಮತ್ತ ಹಚ್ಚತೇನಿ. ಹತ್ತೂವರಿದು ನೀನೇ ಎತ್ತು.

ಅಂಬಾರಾಯ